ಕ್ಯೂಟಿಎಲ್ ಅಂದರೇನು?

ಇಳುವರಿ, ಬರ ತಾಳುವ ಶಕ್ತಿ ಇಂಥ ಗುಣಗಳು ಒಂದೇ ವಂಶವಾಹಿಯ ಕೈಯಲ್ಲಿಲ್ಲ. ಹತ್ತಾರು ವಂಶವಾಹಿಗಳು ಸ್ವಲ್ಪ ಸ್ವಲ್ಪ ಪಾಲು ಹಾಕುತ್ತವೆ. ಹೀಗೆ ಅಳತೆಯಲ್ಲಿ ಹೇಳಬೇಕಾದ ಗುಣಕ್ಕೆ ಪಾಲು ಕೊಡುವ ವರ್ಣತಂತುವಿನ ತುಣುಕೇ ಕ್ಯೂಟಿಎಲ್, ಪೂರ್ತಿ ಹೆಸರು ಕ್ವಾಂಟಿಟೇಟಿವ್ ಟ್ರೇಟ್ ಲೋಕಸ್. ಅದು ಮನೆಯಲ್ಲ, ಓಣಿ. ಆ ಓಣಿಯಲ್ಲಿ ನೂರಾರು ವಂಶವಾಹಿಗಳಿರಬಹುದು.

ರಾಯಚೂರಿನ ಎರೆ ಹೊಲದ ಹಿಂಗಾರಿ ಜೋಳ ನೋಡಿ. ನೆಲದೊಳಗಿನ ತೇವವನ್ನೇ ನಂಬಿದ ಬೆಳೆ. ಕಾಳು ತುಂಬುವಾಗ ತೇವ ಆರಿದರೆ ಗರಿ ಒಣಗುತ್ತದೆ, ದಂಟು ನೆಲಕ್ಕೊರಗುತ್ತದೆ, ಕಣಕಿಯೂ ಹಾಳು. ಆಗಲೂ ಗರಿ ಹಸಿರಾಗಿ ನಿಲ್ಲುವುದಕ್ಕೆ ಸ್ಟೇ-ಗ್ರೀನ್ ಎನ್ನುತ್ತಾರೆ. ಇಥಿಯೋಪಿಯಾ ಮೂಲದ ಬಿ35 ತಳಿಯಲ್ಲಿ ಇದರ ನಾಲ್ಕು ಮುಖ್ಯ ಕ್ಯೂಟಿಎಲ್ ಸಿಕ್ಕಿವೆ: ಎರಡು 3ನೇ ವರ್ಣತಂತುವಿನಲ್ಲಿ, ಒಂದು 2ರಲ್ಲಿ, ಇನ್ನೊಂದು 5ರಲ್ಲಿ.

ಹುಡುಕುವುದು ಹೀಗೆ. ಹಸಿರು ನಿಲ್ಲುವ ತಳಿಗೂ ಬೇಗ ಒಣಗುವ ತಳಿಗೂ ಸಂಕರ ಮಾಡಿ, ಎರಡನೇ ಪೀಳಿಗೆಯ ಒಂದೊಂದು ಗಿಡದಿಂದ ಒಂದೊಂದು ಸಾಲು ಹಿಡಿದು, ಆರೇಳನೇ ಪೀಳಿಗೆಯವರೆಗೆ ಸ್ವಪರಾಗದಲ್ಲೇ ಬೆಳೆಸಬೇಕು. ಕನಿಷ್ಠ 150–200 ಸಾಲು ಬೇಕು. ಪ್ರತಿ ಸಾಲಿನ ಎಲೆಯಿಂದ ಡಿಎನ್‌ಎ ತೆಗೆದು ಮಾರ್ಕರ್‌ಗಳನ್ನು, ಅಂದರೆ ವರ್ಣತಂತುವಿನ ಮೇಲೆ ಜಾಗ ಗೊತ್ತಿರುವ ಡಿಎನ್‌ಎ ಗುರುತುಗಳನ್ನು, ಓದಿ, ಹೊಲದ ಅಳತೆಗೆ ತಾಳೆ ಹಾಕುತ್ತಾರೆ. ಲಾಡ್ ಅಂಕ 3 ದಾಟಿದರೆ, ಅಂದರೆ ಅಲ್ಲಿ ಕ್ಯೂಟಿಎಲ್ ಇದೆ ಎನ್ನುವುದಕ್ಕೆ ಇಲ್ಲ ಎನ್ನುವುದಕ್ಕಿಂತ ಸಾವಿರ ಪಟ್ಟು ಬಲವಿದ್ದರೆ, ಆ ಜಾಗವನ್ನು ಗುರುತು ಹಾಕಿಕೊಳ್ಳುತ್ತಾರೆ. ಸಾಲು ಕಡಿಮೆಯಾದರೆ ಸಣ್ಣ ಕ್ಯೂಟಿಎಲ್ ಕಾಣುವುದಿಲ್ಲ, ಕಂಡದ್ದು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಹೆಚ್ಚು ಎಡವುವುದು ಅಳತೆಯಲ್ಲಿ. ತಡವಾಗಿ ಹೂ ಬಿಟ್ಟ ಸಾಲು ಸಹಜವಾಗಿಯೇ ಹಸಿರಾಗಿರುತ್ತದೆ. ಒಂದೇ ದಿನ ಎಲ್ಲ ಸಾಲುಗಳ ಗರಿ ಎಣಿಸಿದರೆ, ಸಿಗುವುದು ಹೂ ಬಿಡುವ ಕಾಲದ ಕ್ಯೂಟಿಎಲ್, ಬರದ್ದಲ್ಲ! ಹೂ ಬಿಟ್ಟ ತಾರೀಖು ಬರೆದಿಟ್ಟು, ಅಲ್ಲಿಂದ ದಿನ ಲೆಕ್ಕ ಹಾಕಿ ಎಣಿಸಬೇಕು.

ಇನ್ನೊಂದು, ಒಂದೇ ಹೊಲದ ಮಾತು ನಂಬುವಂತಿಲ್ಲ. ಬಾರ್ಲಿಯಲ್ಲಿ ಇದನ್ನು ಚೆನ್ನಾಗಿ ನೋಡಿದ್ದಾರೆ. ಸ್ಟೆಪ್ಟೋ, ಮೋರೆಕ್ಸ್ ಎಂಬ ಎರಡು ತಳಿಗಳ ಸಂಕರದಿಂದ ಬಂದ 150 ಸಾಲುಗಳನ್ನು ಉತ್ತರ ಅಮೆರಿಕದ 16 ಪರಿಸರಗಳಲ್ಲಿ ಬೆಳೆದಾಗ, ಇಳುವರಿಯ ಕೆಲವು ಕ್ಯೂಟಿಎಲ್ ಒಂದು ಕಡೆ ಎದ್ದು ಕಂಡು ಇನ್ನೊಂದು ಕಡೆ ಮಾಯವಾದವು. ನಮ್ಮಲ್ಲೂ ಆಳವಾದ ಎರೆ, ಕೊಪ್ಪಳದ ಮಸಾರಿ, ತುಂಗಭದ್ರಾ ಕಾಲುವೆ ನೀರು ಬೇರೆ ಬೇರೆ ಪರಿಸರಗಳೇ. ಎರಡು ಮೂರು ವರ್ಷ, ಎಲ್ಲ ಕಡೆ ನಿಂತ ಕ್ಯೂಟಿಎಲ್ ಮಾತ್ರ ಮುಂದಕ್ಕೆ.

ಅದನ್ನು ನಮ್ಮ ಹಿಂಗಾರಿ ಜೋಳದ ಹೆಸರಾದ ಎಂ35-1 ತಳಿಗೆ ತರಲು ಮರುಸಂಕರ ಮಾಡುವಾಗ, ಅಂದರೆ ಹುಟ್ಟಿದ ಪೀಳಿಗೆಯನ್ನು ಮತ್ತೆ ಮತ್ತೆ ಎಂ35-1ರ ಜೊತೆಗೇ ಸಂಕರ ಮಾಡುವಾಗ, ತುಣುಕಿನ ಎರಡೂ ಬದಿಯ ಮಾರ್ಕರ್ ನೋಡುತ್ತಿರಬೇಕು. ಇಲ್ಲದಿದ್ದರೆ ಓಣಿಯ ಬೇಡದ ನೆರೆಯವರೂ ಬರುತ್ತಾರೆ. ಕಾಳಿನ ಹೊಳಪು ಹೋಗಬಹುದು, ರೊಟ್ಟಿ ಬಡಿಯುವಾಗ ಅಂಚು ಬಿರಿಯಬಹುದು. ಅಂಥ ಜೋಳವನ್ನು ಇಲ್ಲಿ ಯಾರೂ ಎರಡನೇ ವರ್ಷ ಬಿತ್ತುವುದಿಲ್ಲ.