ಡಬ್ಬಿ ಪಾಸಾಯ್ತು, ಆದರೆ ಯಾವ ಪರೀಕ್ಷೆಯಲ್ಲಿ?

‘ಸರ್, ಇದ್ರಾಗ ಹಾರ್ಮೋನ್ ಕೆಡಿಸೋ ಕೆಮಿಕಲ್ ಐತೇನ್ರಿ? ಒಂದು ರಿಪೋರ್ಟ್ ಕೊಡ್ರಿ.’ ಬಳ್ಳಾರಿಯ ಹೋಟೆಲಿನವರು ಪಾರ್ಸೆಲ್ ಡಬ್ಬಿ ಹಿಡಿದು ನಮ್ಮ ಲ್ಯಾಬಿಗೆ ಬಂದಾಗ ನಾನು ಮೊದಲು ಕೇಳೋದು, ಇದರಲ್ಲಿ ಏನು ಹಾಕ್ತೀರಿ, ಎಷ್ಟು ಬಿಸಿ ಇರುತ್ತೆ ಅಂತ.

ಸಾಮಾನ್ಯವಾಗಿ ಮಾಡಿಸುವುದು ಒಟ್ಟು ಸೋರಿಕೆಯ ಪರೀಕ್ಷೆ, ಅಂದರೆ ಪ್ಲಾಸ್ಟಿಕ್ಕಿನಿಂದ ಆಹಾರಕ್ಕೆ ಒಟ್ಟು ಎಷ್ಟು ಇಳಿಯುತ್ತೆ ಅನ್ನೋದು. ಹುಳಿ ಪದಾರ್ಥದ ಬದಲು 3% ಅಸಿಟಿಕ್ ಆಮ್ಲ, ಎಣ್ಣೆಯ ಬದಲು ಹೆಪ್ಟೇನ್ ಎಂಬ ದ್ರಾವಕ. ಪ್ಲಾಸ್ಟಿಕ್ಕನ್ನು ಅದರಲ್ಲಿ ಇಟ್ಟು, ದ್ರವವನ್ನು ಆವಿ ಮಾಡಿ, ಉಳಿದ ಗಸಿಯನ್ನು ತೂಗುತ್ತೇವೆ. ನಮ್ಮ ದೇಶದಲ್ಲಿ ಮಿತಿ ಆಹಾರದ ಕೆಜಿಗೆ 60 ಮಿಲಿಗ್ರಾಂ. ಆದರೆ ಇದು ಬರೀ ತೂಕ. ಆ ಗಸಿ ಏನು ಅಂತ ತಕ್ಕಡಿ ಹೇಳಲ್ಲ.

ಹಾರ್ಮೋನ್ ವಿಷಯದಲ್ಲಿ ತೊಡಕು ಇರೋದೇ ಇಲ್ಲಿ. ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ ಮಾಡಲು ಬಳಸುವ ಬಿಸ್ಫೆನಾಲ್ ಎ (ಬಿಪಿಎ) ದಿನಕ್ಕೆ ಎಷ್ಟರವರೆಗೆ ಸರಿ ಎಂಬ ಲೆಕ್ಕವನ್ನು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2023ರಲ್ಲಿ ದೇಹತೂಕದ ಕೆಜಿಗೆ 0.2 ನ್ಯಾನೋಗ್ರಾಂಗೆ ಇಳಿಸಿತು. ಹಿಂದಿನದಕ್ಕಿಂತ 20,000 ಪಟ್ಟು ಕಡಿಮೆ! ಇಷ್ಟು ಸಣ್ಣದನ್ನು ಹಿಡಿಯಲು, ರಾಸಾಯನಿಕಗಳನ್ನು ಬೇರೆ ಬೇರೆ ಮಾಡಿ ಅಳೆಯುವ ಕ್ರೊಮ್ಯಾಟೊಗ್ರಫಿ ಯಂತ್ರವೇ ಬೇಕು. ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡಲು ಸೇರಿಸುವ ಥ್ಯಾಲೇಟ್ ಹುಡುಕುವಾಗ ನಾವು ಗಾಜಿನ ಪಾತ್ರೆಯನ್ನೇ ಬಳಸುತ್ತೇವೆ, ಜೊತೆಗೆ ಸ್ಯಾಂಪಲ್ ಇಲ್ಲದ ಖಾಲಿ ದ್ರವವನ್ನೂ ಯಂತ್ರದಲ್ಲಿ ಓಡಿಸುತ್ತೇವೆ. ಇಲ್ಲದಿದ್ದರೆ ಲ್ಯಾಬಿನ ಪ್ಲಾಸ್ಟಿಕ್ಕಿನ ಥ್ಯಾಲೇಟೇ ನಿಮ್ಮ ಡಬ್ಬಿಯ ಲೆಕ್ಕಕ್ಕೆ ಸೇರಿಬಿಡುತ್ತೆ.

ಯಂತ್ರವಾದರೂ ಕೇಳಿದ್ದನ್ನಷ್ಟೇ ಹುಡುಕುತ್ತೆ. ‘ಬಿಪಿಎ ಇಲ್ಲ’ ಅಂತ ಬರೆದ ಕಡೆ ಅದರ ಸೋದರ ಬಿಪಿಎಸ್ ಇರಬಹುದು. ಅದಕ್ಕೇ ಈಸ್ಟ್ ಅಥವಾ ಜೀವಕೋಶಗಳ ಮೇಲೆ ಮಾಡುವ ಪರೀಕ್ಷೆಗೆ ಬೆಲೆ. ಯಾವ ರಾಸಾಯನಿಕವೇ ಆಗಲಿ, ಹೆಣ್ಣು ಹಾರ್ಮೋನಾದ ಈಸ್ಟ್ರೋಜೆನ್‌ನಂತೆ ನಡೆದುಕೊಂಡರೆ ಅಲ್ಲಿ ಗೊತ್ತಾಗುತ್ತೆ. 1993ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಪಾಲಿಕಾರ್ಬೊನೇಟ್ ಫ್ಲಾಸ್ಕಿನಿಂದ ಬಿಪಿಎ ಬಿಡುತ್ತದೆ ಎಂದು ಕಂಡುಕೊಂಡಿದ್ದೂ ಹೀಗೇ, ಈಸ್ಟಿನ ಕೆಲಸ ಮಾಡ್ತಾ ಆಕಸ್ಮಿಕವಾಗಿ.

ಇನ್ನು ಬಿಸಿಲು. ಕೋಣೆಯ ಉಷ್ಣತೆಯಲ್ಲಿ ಇಡುವ ಆಹಾರದ ಪ್ಯಾಕಿಂಗನ್ನು 40 ಡಿಗ್ರಿಯಲ್ಲಿ 10 ದಿನ ಇಟ್ಟು ನೋಡುತ್ತಾರೆ. ರಾಯಚೂರಿನ ಮೇ ತಿಂಗಳಲ್ಲಿ ಅದು ನೆರಳಿನ ಲೆಕ್ಕ! ಅಂಗಡಿ ಮುಂದೆ ಬಿಸಿಲಿಗೆ ಒಡ್ಡಿದ 20 ಲೀಟರಿನ ನೀರಿನ ಕ್ಯಾನ್ ಅದಕ್ಕಿಂತ ಜಾಸ್ತಿ ಕಾಯುತ್ತೆ, ಅಲ್ವಾ?

ಎಲ್ಲದಕ್ಕೂ ದುಡ್ಡು ಸುರಿಯಬೇಕಿಲ್ಲ. ಪಾಲಿಪ್ರೊಪಿಲೀನ್ ಡಬ್ಬಿಗೆ, ಅಂದರೆ ತಳದಲ್ಲಿ 5 ಅಂತ ಇರೋದಕ್ಕೆ, ಬಿಪಿಎ ಪರೀಕ್ಷೆ ಬಹುಪಾಲು ಸುಮ್ನೆ ಖರ್ಚು. ಆ ಪ್ಲಾಸ್ಟಿಕ್ಕನ್ನು ಬಿಪಿಎಯಿಂದ ಮಾಡುವುದೇ ಇಲ್ಲ. ಗಟ್ಟಿ ಪಾಲಿಕಾರ್ಬೊನೇಟ್ ಕ್ಯಾನಿಗೆ ಮಾಡಿಸಿ. ಮೆತ್ತನೆಯ ಪಿವಿಸಿ ಹಾಳೆಯಲ್ಲಿ ಎಣ್ಣೆ ಪದಾರ್ಥ ಸುತ್ತುವವರು ಥ್ಯಾಲೇಟ್ ನೋಡಿಸಿ. ಅದು ಜಿಡ್ಡಿಗೆ ಬೇಗ ಬಿಡುತ್ತೆ. ಸ್ಯಾಂಪಲ್ ಕಳಿಸುವಾಗ ಬಳಸದ ಡಬ್ಬಿಗಳನ್ನೇ ಕಳಿಸಿ. ಜೊತೆಗೆ ಚೀಟಿಯಲ್ಲಿ ಬರೆಯಿರಿ: ‘ಬಿಸಿ ಸಾಂಬಾರು, ಹುಳಿ, ಅರ್ಧ ಗಂಟೆ.’