ಕೊಟ್ಟಿಗೆಯಲ್ಲಿ ನಿಂತ ಜಾವಾ

ನಮ್ಮ ಸೋದರಮಾವನವರ 1968ರ ಜಾವಾ 250 ಬೈಕು ಹುಣಸೂರಿನ ಸಮೀಪದ ಹಳ್ಳಿಮನೆಯ ದನದ ಕೊಟ್ಟಿಗೆಯಲ್ಲಿ 19 ವರ್ಷ ನಿಂತಿತ್ತು. ಅದನ್ನು ಸಣ್ಣ ಲಾರಿಯಲ್ಲಿ ಹೇರಿಕೊಂಡು ಮನೆಗೆ ತಂದ ದಿನ ನೋಡಲು ಬಂದವರೆಲ್ಲ ಕೇಳಿದ ಪ್ರಶ್ನೆ ಒಂದೇ: ಎಲ್ಲಿಗೂ ಹೋಗದೆ ಸುಮ್ಮನೆ ನಿಂತಿದ್ದ ಗಾಡಿ ಇಷ್ಟೊಂದು ಹಾಳಾದದ್ದು ಹೇಗೆ? ಉತ್ತರ ಆ ಪ್ರಶ್ನೆಯಲ್ಲೇ ಇದೆ. ಓಡುತ್ತಿರುವ ಎಂಜಿನ್ನಿನಲ್ಲಿ ಎಣ್ಣೆ ಲೋಹದ ಮೇಲೆ ಮತ್ತೆ ಮತ್ತೆ ಹರಡುತ್ತಿರುತ್ತದೆ, ಶಾಖವು ತೇವವನ್ನು ಹೊರಗಟ್ಟುತ್ತಿರುತ್ತದೆ, ಪೆಟ್ರೋಲು ಹಳತಾಗುವ ಮೊದಲೇ ಉರಿದುಹೋಗುತ್ತದೆ. ಗಾಡಿ ನಿಂತಾಗ ಈ ಮೂರೂ ನಿಲ್ಲುತ್ತವೆ. ಆಮೇಲೆ ಕಬ್ಬಿಣ, ಅಲ್ಯೂಮಿನಿಯಂ, ಹಿತ್ತಾಳೆ, ರಬ್ಬರ್, ಪೆಟ್ರೋಲ್ ಒಂದೊಂದೂ ತನ್ನ ಪಾಡಿಗೆ ರಾಸಾಯನಿಕವಾಗಿ ಬದಲಾಗತೊಡಗುತ್ತವೆ. ಹಳೆಯ ಬೈಕನ್ನು ಮನೆಯಲ್ಲೇ ಸರಿಪಡಿಸಲು ಕೂರುವವರು ಸ್ಪ್ಯಾನರ್ ಹಿಡಿಯುವ ಮೊದಲು ಈ ಬದಲಾವಣೆಗಳಲ್ಲಿ ಯಾವುದನ್ನು ಹಿಂದಿರುಗಿಸಬಹುದು, ಯಾವುದನ್ನು ಇದ್ದಲ್ಲಿಗೇ ತಡೆಯಬಹುದು, ಎಲ್ಲಿ ಹೊಸ ಭಾಗ ಹಾಕದೆ ಗತ್ಯಂತರವಿಲ್ಲ ಎಂಬುದನ್ನು ತಿಳಿದುಕೊಳ್ಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಬೈಕಿನ ಊರು ನಮಗೆ ದೂರದ್ದಲ್ಲ. ಚೆಕೊಸ್ಲೊವಾಕಿಯದ ಫ್ರಾಂಟಿಶೆಕ್ ಯಾನೆಚೆಕ್ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್‌ಸೈಕಲ್ ತಯಾರಿಕೆಯ ಹಕ್ಕನ್ನು ಕೊಂಡಾಗ ಎರಡು ಹೆಸರುಗಳ ಮೊದಲ ಅಕ್ಷರಗಳು ಸೇರಿ ಜಾವಾ ಆಯಿತು. ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿಯವರ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಅದನ್ನು ತಯಾರಿಸಲು ಆರಂಭಿಸಿತು. 1970ರ ದಶಕದಲ್ಲಿ ಹೆಸರು ಯೆಜ್ಡಿಯೆಂದಾಯಿತು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಮೈಸೂರು, ಬೆಂಗಳೂರುಗಳಲ್ಲಿ ಇದರ ಎಂಜಿನ್ನನ್ನು ಬಿಚ್ಚಿ ಜೋಡಿಸಬಲ್ಲ ಹಿರಿಯ ಮೆಕ್ಯಾನಿಕ್‌ಗಳು ಇಂದಿಗೂ ಸಿಗುವುದು ಈ ಇತಿಹಾಸದಿಂದಾಗಿಯೇ. ಎಂಜಿನ್ ಸರಳವಾದದ್ದು: ಒಂದೇ ಸಿಲಿಂಡರ್, ಟೂ ಸ್ಟ್ರೋಕ್, ಒಳವ್ಯಾಸ 65 ಮಿ.ಮೀ., ಪಿಸ್ಟನ್ ಚಲಿಸುವ ದೂರ 75 ಮಿ.ಮೀ. ವಾಲ್ವುಗಳಿಲ್ಲ. ಕಿಕ್ ಮಾಡುವ ಲಿವರೇ ಗೇರ್ ಲಿವರೂ ಹೌದು.

ತಂದ ದಿನವೇ ಆ ಲಿವರನ್ನು ಒಮ್ಮೆ ಒದ್ದು ನೋಡುವ ಆಸೆ ಯಾರಿಗಾದರೂ ಆಗುತ್ತದೆ. ಹಾಗೆ ಮಾಡಬಾರದು. ಪಿಸ್ಟನ್ನಿನ ರಿಂಗುಗಳು ಎರಕದ ಕಬ್ಬಿಣದವು, ಸಿಲಿಂಡರೂ ಎರಕದ ಕಬ್ಬಿಣದ್ದು. ಎಣ್ಣೆಯ ಪದರ ಒಣಗಿದ ಮೇಲೆ ಇವೆರಡರ ನಡುವೆ ಹುಟ್ಟುವ ತುಕ್ಕು ಬೆಸುಗೆಯಂತೆ ಹಿಡಿದುಕೊಳ್ಳುತ್ತದೆ. ತುಕ್ಕೆಂದರೆ ಆಮ್ಲಜನಕ ಮತ್ತು ನೀರಿನೊಂದಿಗೆ ಕೂಡಿದ ಕಬ್ಬಿಣ. ಅದು ತಾನು ಹುಟ್ಟಿದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಕೂದಲೆಳೆಯಷ್ಟು ಸಂದಿನಲ್ಲಿ ಹೀಗೆ ಉಬ್ಬಿಕೊಂಡ ವಸ್ತು ಪಿಸ್ಟನ್ನನ್ನು ಬಿಗಿಯಾಗಿ ಅದುಮಿರುವಾಗ ಬಲ ಹಾಕಿ ಒದ್ದರೆ ರಿಂಗು ಮುರಿದು ಸಿಲಿಂಡರಿನ ಗೋಡೆಯಲ್ಲಿ ಗೀರು ಬೀಳುತ್ತದೆ.

ಇಲ್ಲಿ ನೆರವಿಗೆ ಬರುವುದು ಕೇಶಾಕರ್ಷಣೆ, ಅಂದರೆ ದೀಪದ ಬತ್ತಿಯಲ್ಲಿ ಎಣ್ಣೆಯನ್ನು ಮೇಲೇರಿಸುವ ಅದೇ ಗುಣ. ಸಂದು ಕಿರಿದಾದಷ್ಟೂ ತೆಳುವಾದ ಎಣ್ಣೆ ಅದರೊಳಗೆ ಹೆಚ್ಚು ದೂರ ನುಸುಳುತ್ತದೆ. ಪ್ಲಗ್ ಬಿಚ್ಚಿ ಆ ರಂಧ್ರದಿಂದ ಡೀಸೆಲ್ ಮತ್ತು ತೆಳು ಗೇರ್ ಎಣ್ಣೆಯ ಮಿಶ್ರಣವನ್ನು ಹೊಯ್ದು ನಾನು ಎರಡು ವಾರ ಕಾದೆ. ಎರಡನೆಯ ಉಪಾಯ ಶಾಖ, ಆದರೆ ಅದನ್ನು ಲೆಕ್ಕ ತಿಳಿದು ಬಳಸಬೇಕು. 65 ಮಿ.ಮೀ. ವ್ಯಾಸದ ಕಬ್ಬಿಣದ ಸಿಲಿಂಡರು 100 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾದರೆ ಅದರ ವ್ಯಾಸ ಸುಮಾರು 0.07 ಮಿ.ಮೀ. ಹಿಗ್ಗುತ್ತದೆ, ಒಳಗಿನ ಅಲ್ಯೂಮಿನಿಯಂ ಪಿಸ್ಟನ್ ಅಷ್ಟೇ ಬಿಸಿಯಾದರೆ ಸುಮಾರು 0.15 ಮಿ.ಮೀ. ಹಿಗ್ಗುತ್ತದೆ. ಆದ್ದರಿಂದ ಬಿಸಿಗಾಳಿಯ ಗನ್ನಿನಿಂದ ಹೊರಗಿನ ಸಿಲಿಂಡರನ್ನು ಬೇಗ ಬಿಸಿಮಾಡಿದರೆ ಮೊದಲ ಕೆಲವು ನಿಮಿಷ ಸಂದು ಅಗಲವಾಗುತ್ತದೆ, ಶಾಖ ಪಿಸ್ಟನ್ನಿಗೂ ಹರಿದ ಮೇಲೆ ಮೊದಲಿಗಿಂತ ಬಿಗಿಯಾಗುತ್ತದೆ. ಬಿಸಿಮಾಡಿ ಆರಿಸುವುದನ್ನು ಹಲವು ಸಲ ಮಾಡಿದಾಗ ಈ ಹಿಗ್ಗು ಕುಗ್ಗುಗಳೇ ಪೆಡಸಾದ ತುಕ್ಕನ್ನು ಪುಡಿಗುಟ್ಟುತ್ತವೆ, ಪುಡಿಯಾದೆಡೆಗೆ ಎಣ್ಣೆ ಇನ್ನಷ್ಟು ಇಳಿಯುತ್ತದೆ. ಡೀಸೆಲ್ ಇರುವಲ್ಲಿ ಬೆಂಕಿಯ ಜ್ವಾಲೆಯನ್ನಂತೂ ತರಲೇಬಾರದು. ಹದಿನಾರನೆಯ ದಿನ, ಹೆಡ್ ಬಿಚ್ಚಿ ಪಿಸ್ಟನ್ನಿನ ಮೇಲೆ ಮರದ ತುಂಡಿಟ್ಟು ಮೆಲ್ಲಗೆ ತಟ್ಟಿದಾಗ ಅದು ಒಂದು ಎಳೆಯಷ್ಟು ಕೆಳಗಿಳಿಯಿತು. ಆ ಕ್ಷಣದ ಸಂತೋಷ ಇನ್ನೂ ನನ್ನ ಕೈಯಲ್ಲಿದೆ. ಗೋಡೆಯಲ್ಲಿ ತುಕ್ಕು ಕೊರೆದ ಗುಳಿಗಳಿದ್ದುದರಿಂದ ಸಿಲಿಂಡರನ್ನು ಬೋರ್ ಮಾಡಿಸಿ, ಅಂದರೆ ಒಳಗೋಡೆಯನ್ನು ಕೊರೆಸಿ ಅಗಲ ಮಾಡಿಸಿ, ಒಂದು ಅಳತೆ ದೊಡ್ಡ ಪಿಸ್ಟನ್ ಹಾಕಿಸಬೇಕಾಯಿತು. ಅದು ಮನೆಯಲ್ಲಿ ಆಗುವ ಕೆಲಸವಲ್ಲ.

ಸ್ಟ್ಯಾಂಡು, ಚೈನ್ ಕವರು, ಟೂಲ್ ಬಾಕ್ಸುಗಳ ತುಕ್ಕನ್ನು ತೆಗೆಯಲು ಮಾತ್ರ ಮನೆಯ ಹಿತ್ತಲೇ ಸಾಕು. ಪ್ಲಾಸ್ಟಿಕ್ ಟಬ್ಬಿನ ನೀರಿನಲ್ಲಿ ಕೆಲವು ಚಮಚ ವಾಷಿಂಗ್ ಸೋಡಾ ಕರಗಿಸಿ, ತುಕ್ಕು ಹಿಡಿದ ಭಾಗವನ್ನು 12 ವೋಲ್ಟ್ ಬ್ಯಾಟರಿ ಚಾರ್ಜರಿನ ಋಣ ತಂತಿಗೂ, ಗುಜರಿಯ ಕಬ್ಬಿಣದ ತಗಡೊಂದನ್ನು ಧನ ತಂತಿಗೂ ಜೋಡಿಸಿ, ಎರಡೂ ಒಂದಕ್ಕೊಂದು ತಗುಲದಂತೆ ಮುಳುಗಿಸಿಟ್ಟರೆ ವಿದ್ಯುತ್ ಹರಿದು ಕೆಂಪು ತುಕ್ಕಿನ ಒಂದು ಪಾಲು ಕಪ್ಪು ಆಕ್ಸೈಡಾಗಿ ಬದಲಾಗುತ್ತದೆ, ಉಳಿದದ್ದನ್ನು ಲೋಹದ ಮೇಲೆ ಏಳುವ ಜಲಜನಕದ ಗುಳ್ಳೆಗಳು ಸಡಿಲಿಸುತ್ತವೆ. ಮಾರನೆಯ ದಿನ ಬ್ರಷ್ಷಿನಿಂದ ಉಜ್ಜಿದರೆ ಸಾಕು. ತುಕ್ಕಾಗಿ ಹೋದ ಕಬ್ಬಿಣ ಮರಳಿ ಬರುವುದಿಲ್ಲ, ಆದರೆ ಉಳಿದ ಕಬ್ಬಿಣಕ್ಕೆ ಚೂರೂ ಹಾನಿಯಾಗುವುದಿಲ್ಲ. ಉಜ್ಜುಕಾಗದ ಉಜ್ಜಿದರೆ ಈ ಮಾತನ್ನು ಹೇಳುವಂತಿಲ್ಲ. ಇಲ್ಲಿ ಎಚ್ಚರದ ಮಾತುಗಳನ್ನು ಹೇಳಲೇಬೇಕು. ಜಲಜನಕ ಉರಿಯುವ ಅನಿಲವಾದ್ದರಿಂದ ಬಯಲಲ್ಲೇ ಮಾಡಬೇಕು. ಧನ ತಂತಿಗೆ ಸ್ಟೀಲ್ ಪಾತ್ರೆಯ ತುಂಡನ್ನು ಕಟ್ಟಬಾರದು, ಅದರೊಳಗಿನ ಕ್ರೋಮಿಯಂ ವಿಷಕಾರಿ ರೂಪದಲ್ಲಿ ನೀರಿಗೆ ಸೇರುತ್ತದೆ. ಅಲ್ಯೂಮಿನಿಯಂ ಭಾಗಗಳನ್ನು ಸೋಡಾ ನೀರೇ ತಿಂದುಹಾಕುತ್ತದೆ. ಗಟ್ಟಿ ಉಕ್ಕಿನ ಸ್ಪ್ರಿಂಗುಗಳಲ್ಲಿ ಜಲಜನಕ ಒಳಹೊಕ್ಕು ಅವನ್ನು ಪೆಡಸು ಮಾಡುವುದರಿಂದ ಅವನ್ನೂ ದೂರವಿಡಬೇಕು.

ದನದ ಕೊಟ್ಟಿಗೆಯಲ್ಲಿ ನಿಂತ ಗಾಡಿಗೆ ಒದಗುವ ಒಂದು ವಿಶೇಷ ತೊಂದರೆಯನ್ನು ನಾನು ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಕಾರ್ಬೊರೇಟರ್ ಬಿಚ್ಚಿದಾಗ ಕಂಡೆ. ಪೆಟ್ರೋಲಿನ ಮಟ್ಟವನ್ನು ಕಾಯುವ ಹಿತ್ತಾಳೆಯ ಫ್ಲೋಟು, ಯಾರೂ ಮುಟ್ಟದಿದ್ದರೂ, ಕೂದಲಿನಂತಹ ಬಿರುಕು ಬಿಟ್ಟಿತ್ತು. ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿದ್ದ ಸೇನೆ ಇದೇ ಒಗಟನ್ನು ಎದುರಿಸಿತ್ತು: ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇಟ್ಟಿದ್ದ ತೋಟಾಗಳ ಹಿತ್ತಾಳೆ ಕವಚಗಳು ತಾವಾಗಿಯೇ ಸೀಳುತ್ತಿದ್ದವು. ಗಂಜಲದಿಂದ ಹೊಮ್ಮುವ ಅಮೋನಿಯ ತೇವದ ಗಾಳಿಯಲ್ಲಿ ಹಿತ್ತಾಳೆಯ ತಾಮ್ರವನ್ನು ಕರಗಿಸುತ್ತದೆ, ತಯಾರಿಕೆಯ ವೇಳೆ ಲೋಹದಲ್ಲಿ ಉಳಿದ ಎಳೆತ ಆ ದುರ್ಬಲ ಗೆರೆಯುದ್ದಕ್ಕೂ ಅದನ್ನು ಸೀಳುತ್ತದೆ ಎಂಬ ವಿವರಣೆ 1921ರ ಹೊತ್ತಿಗೆ ದೊರೆಯಿತು. ನನ್ನ ಫ್ಲೋಟಿನ ಬಿರುಕಿಗೂ ಇದೇ ಕಾರಣವೆಂದು ನಂಬಿದ್ದೇನೆ. ಉಳಿದ ಹಿತ್ತಾಳೆ ಭಾಗಗಳ ಮೇಲಿನ ಕಿಲುಬು ದೇವರ ದೀಪಗಳನ್ನು ಬೆಳಗುವ ಹುಣಸೆಹಣ್ಣಿಗೇ ಹೋಯಿತು. ಹುಣಸೆಯ ಟಾರ್ಟಾರಿಕ್ ಆಮ್ಲ ತಾಮ್ರದ ಆಕ್ಸೈಡನ್ನು ಕರಗಿಸುತ್ತದೆ, ಲೋಹವನ್ನು ಹೆಚ್ಚುಕಡಿಮೆ ಹಾಗೆಯೇ ಬಿಡುತ್ತದೆ.

ಕಾರ್ಬೊರೇಟರಿನ ಇನ್ನೊಂದು ಶತ್ರು ಹಳೆಯ ಪೆಟ್ರೋಲ್. ಅದರ ಹಗುರ ಅಂಶಗಳು ಮೊದಲು ಆವಿಯಾಗುತ್ತವೆ, ಉಳಿದವು ಗಾಳಿಯ ಆಮ್ಲಜನಕದೊಂದಿಗೆ ಕೂಡಿ ಕಂದು ಅಂಟಾಗಿ ಗಟ್ಟಿಯಾಗುತ್ತವೆ. ಈ ಅಂಟು ಪೆಟ್ರೋಲನ್ನು ಅಳತೆಯಲ್ಲಿ ಹರಿಸುವ ಜೆಟ್ಟಿನ ಸೂಕ್ಷ್ಮ ರಂಧ್ರವನ್ನು ಮುಚ್ಚಿದಾಗ ತಂತಿ ತೂರಿಸಿ ಬಿಡಿಸುವುದು ಎಲ್ಲ ಕಡೆ ಕಾಣುವ ಅಭ್ಯಾಸ. ನನಗೆ ಅದು ಸರಿಯೆನಿಸುವುದಿಲ್ಲ, ಲೆಕ್ಕವೂ ಹಾಗೆಯೇ ಹೇಳುತ್ತದೆ. ಜೆಟ್ಟು ಮೆದುವಾದ ಹಿತ್ತಾಳೆ. 0.9 ಮಿ.ಮೀ. ರಂಧ್ರ ಉಜ್ಜಿ 1 ಮಿ.ಮೀ. ಆದರೆ ಕಣ್ಣಿಗೆ ವ್ಯತ್ಯಾಸ ತಿಳಿಯದು, ಆದರೆ ವಿಸ್ತೀರ್ಣ ವ್ಯಾಸದ ವರ್ಗಕ್ಕೆ ಅನುಗುಣವಾಗಿರುವುದರಿಂದ ಶೇ. 23ರಷ್ಟು ಹೆಚ್ಚುತ್ತದೆ, ಹೆಚ್ಚುಕಡಿಮೆ ಅಷ್ಟೇ ಹೆಚ್ಚು ಪೆಟ್ರೋಲೂ ಹರಿಯುತ್ತದೆ. ಕಾರ್ಬೊರೇಟರ್ ಕ್ಲೀನರಿನಲ್ಲಿ ರಾತ್ರಿಯಿಡೀ ನೆನೆಸಿ ಗಾಳಿಯಿಂದ ಊದಿಸುವುದೇ ಸರಿಯಾದ ದಾರಿ.

ರಬ್ಬರಿನ ವಿಷಯದಲ್ಲಿ ಯೋಚನೆಗೆ ಎಡೆಯಿಲ್ಲ, ಬದಲಿಸಲೇಬೇಕು. ವರ್ಷಗಳ ಗಾಳಿ ಮತ್ತು ಶಾಖದಿಂದ ರಬ್ಬರಿನ ಅಣುಸರಪಳಿಗಳು ತುಂಡಾಗಿ, ಮತ್ತೆ ಅಡ್ಡಡ್ಡ ಕೊಂಡಿ ಹಾಕಿಕೊಂಡು ಅದು ಹುರುಪೆಗಟ್ಟುತ್ತದೆ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಇದರ ಪರಿಣಾಮ ಅಪಾಯಕಾರಿ. ಇಲ್ಲಿ ಪಿಸ್ಟನ್ನಿನ ಕೆಳಗಿರುವ ಕ್ರ್ಯಾಂಕ್ ಕೋಣೆಯೂ ಪಂಪಿನಂತೆ ದುಡಿಯುತ್ತದೆ: ಪಿಸ್ಟನ್ ಮೇಲೇರುವಾಗ ಪೆಟ್ರೋಲ್ ಮತ್ತು ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ, ಕೆಳಗಿಳಿಯುವಾಗ ಅದನ್ನು ಒತ್ತಿ ಮೇಲಕ್ಕೆ ಕಳುಹಿಸುತ್ತದೆ. ಕ್ರ್ಯಾಂಕಿನ ಎರಡು ತುದಿಗಳ ಆಯಿಲ್ ಸೀಲುಗಳು ಒಣಗಿದ್ದರೆ ಕಾರ್ಬೊರೇಟರಿಗೆ ತಿಳಿಯದಂತೆ ಹೊರಗಿನ ಗಾಳಿ ನುಗ್ಗಿ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಕಡಿಮೆಯಾಗುತ್ತದೆ. ಈ ಎಂಜಿನ್ನಿನ ಎಣ್ಣೆ ಬರುವುದೂ ಪೆಟ್ರೋಲಿನ ಜೊತೆಗೇ ಆದ್ದರಿಂದ ಪಿಸ್ಟನ್ನಿಗೆ ಒಂದೆಡೆ ಬಿಸಿ ಹೆಚ್ಚು, ಇನ್ನೊಂದೆಡೆ ಎಣ್ಣೆ ಕಡಿಮೆ. ಹೊಳೆಯುವ ಪೇಂಟು ಮಾಡಿಸಿ ಈ ಎರಡು ಸೀಲುಗಳನ್ನು ಮರೆತ ಗಾಡಿಗಳು ಕೆಲವೇ ಕಿಲೋಮೀಟರಿನಲ್ಲಿ ಮತ್ತೆ ಹಿಡಿದುಕೊಂಡು ನಿಂತದ್ದನ್ನು ಕಂಡಿದ್ದೇನೆ.

ಇಂದಿನ ಬಂಕುಗಳಲ್ಲಿ ಸಿಗುವ, ಶೇ. 20ರವರೆಗೆ ಎಥನಾಲ್ ಬೆರೆತ ಪೆಟ್ರೋಲು 1968ರ ಎಂಜಿನ್ನಿಗೆ ಹೊಸ ಪರೀಕ್ಷೆಯೊಡ್ಡುತ್ತದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ; ನೀರು ಮಿತಿ ಮೀರಿದಾಗ ನೀರು ಮತ್ತು ಎಥನಾಲ್ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತವೆ. ಬೆರೆಸಿದ ಎಣ್ಣೆ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ನಲ್ಲಿಯಿರುವುದು ತಳದಲ್ಲಿ. ಹಾಗಾಗಿ ಬಹುದಿನ ನಿಂತ ಗಾಡಿಯ ಕಾರ್ಬೊರೇಟರಿಗೆ ಮೊದಲು ಹರಿಯುವುದು ಎಣ್ಣೆಯೇ ಇಲ್ಲದ ಈ ಪದರ. ಒಂದೆರಡು ವಾರ ಓಡಿಸುವುದಿಲ್ಲವೆಂದು ತಿಳಿದಿದ್ದರೆ ನಾನು ಟ್ಯಾಂಕನ್ನು ಬರಿದು ಮಾಡಿಬಿಡುತ್ತೇನೆ.

ವಿದ್ಯುತ್ ವ್ಯವಸ್ಥೆ 6 ವೋಲ್ಟಿನದು. ಅದೇ ವ್ಯಾಟಿನ ದೀಪ 12 ವೋಲ್ಟಿನಲ್ಲಿ ಎಳೆಯುವ ವಿದ್ಯುತ್ತಿನ ಎರಡರಷ್ಟನ್ನು ಇಲ್ಲಿ ಎಳೆಯುತ್ತದೆ. ತಂತಿಯಲ್ಲಿ ಶಾಖವಾಗಿ ಪೋಲಾಗುವ ಶಕ್ತಿ ನಾಲ್ಕು ಪಟ್ಟು. ಆದ್ದರಿಂದ ಸಣ್ಣ ಕಿಲುಬು, ಸಡಿಲ ಸ್ಕ್ರೂ ಕೂಡ ದೀಪವನ್ನು ಮಂಕಾಗಿಸುತ್ತದೆ. ಹೊಸ ಬಣ್ಣ ಬಳಿಸಿದ ಮೇಲೆ ಹಾರನ್ ಕೂಗದೆ ದೀಪ ಉರಿಯದೆ ಕಂಗಾಲಾಗುವವರಿಗೆ ಕಾರಣ ಬಹಳ ಸಲ ಆ ಬಣ್ಣದಲ್ಲೇ ಇರುತ್ತದೆ: ವಿದ್ಯುತ್ತು ಬ್ಯಾಟರಿಗೆ ಮರಳುವ ದಾರಿ ಫ್ರೇಮಿನ ಲೋಹ, ಅರ್ಥಿಂಗ್ ಬೋಲ್ಟಿನ ಕೆಳಗೆ ಪೇಂಟ್ ಇದ್ದರೆ ದಾರಿ ಮುಚ್ಚಿತು. ಇನ್ನೊಂದು ಸೋಜಿಗವೆಂದರೆ ಡೈನಮೊ. ಅದರ ಕಬ್ಬಿಣದಲ್ಲಿ ಹಿಂದಿನ ಓಟದಿಂದ ಉಳಿದ ಅಲ್ಪ ಕಾಂತತ್ವವೇ ಮುಂದಿನ ಸಲದ ವಿದ್ಯುತ್ತಿಗೆ ಬೀಜ. ಬಹುಕಾಲ ನಿಂತಾಗ ಆ ಕಾಂತತ್ವ ಅಳಿದುಹೋಗಬಹುದು. ಆಗ ಸುರುಳಿಗೆ ಬ್ಯಾಟರಿಯಿಂದ ಕ್ಷಣಕಾಲ ವಿದ್ಯುತ್ ಹಾಯಿಸಿದರೆ ಡೈನಮೊ ಮತ್ತೆ ಎಚ್ಚರಗೊಳ್ಳುತ್ತದೆ.

ಬಣ್ಣದ ಬಗ್ಗೆ ನನ್ನ ನಿಲುವು ಹಲವರಿಗೆ ಒಪ್ಪಿಗೆಯಾಗುವುದಿಲ್ಲ. ಮಡ್‌ಗಾರ್ಡಿನ ಮೂಲ ಕೆಂಗಂದು ಬಣ್ಣ ಅಲ್ಲಲ್ಲಿ ಉದುರಿದ್ದರೂ ಉಳಿದಷ್ಟನ್ನು ತೊಳೆದು ಮೇಣ ಹಚ್ಚಿ ಹಾಗೆಯೇ ಇಟ್ಟಿದ್ದೇನೆ. ಸೋದರಮಾವನವರ ಮೊಣಕಾಲು ತಗುಲಿ ಸವೆದ ಟ್ಯಾಂಕಿನ ಆ ಜಾಗವನ್ನು ಯಾವ ಪೇಂಟರೂ ಮತ್ತೆ ತರಲಾರ. ಕ್ರೋಮ್ ಉದುರಿದ ಸೈಲೆನ್ಸರುಗಳನ್ನು ಮಾತ್ರ ಹೊರಗೆ ಕೊಟ್ಟು ಮಾಡಿಸಿದೆ. ಕ್ರೋಮ್ ಲೇಪನದ ದ್ರಾವಣಗಳು ಮನೆಯಲ್ಲಿ ಇಡುವಂಥವಲ್ಲ. ಹಳೆಯ ಬ್ರೇಕ್ ಲೈನರುಗಳಲ್ಲಿ ಕಲ್ನಾರು ಇರುವ ಸಾಧ್ಯತೆಯಿದ್ದುದರಿಂದ ಡ್ರಮ್ಮಿನ ದೂಳನ್ನು ಊದದೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆದೆ.

ಏಳು ತಿಂಗಳ ಮೇಲೆ ಒಂದು ಭಾನುವಾರ ಬೆಳಿಗ್ಗೆ, ಲೀಟರ್ ಪೆಟ್ರೋಲಿಗೆ 40 ಮಿ.ಲೀ. ಎಣ್ಣೆ ಅಳೆದು ಬೆರೆಸಿ, ಪ್ಲಗ್ ಬಿಚ್ಚಿಟ್ಟು ಹತ್ತಾರು ಸಲ ಕಿಕ್ ಮಾಡಿ ಎಣ್ಣೆ ಬೇರಿಂಗುಗಳಿಗೆ ತಲುಪುವಂತೆ ನೋಡಿಕೊಂಡು, ಆಮೇಲೆ ಪ್ಲಗ್ ಹಾಕಿದೆ. ನಾಲ್ಕನೆಯ ಕಿಕ್ಕಿಗೆ ಎಂಜಿನ್ ಹಿಡಿಯಿತು. ಸೋದರಮಾವನವರು ಜಗಲಿಯಿಂದಿಳಿದು ಬಂದು ಎರಡೂ ಸೈಲೆನ್ಸರುಗಳ ಹೊಗೆಗೆ ಕೈಯೊಡ್ಡಿ ನಿಂತರು. ಹತ್ತು ಕಿಲೋಮೀಟರ್ ಓಡಿಸಿ ಬಂದು ಪ್ಲಗ್ ಬಿಚ್ಚಿ ನೋಡಿದೆ: ತುದಿಯ ಪಿಂಗಾಣಿ ಬಿಳಿಚಿಕೊಂಡಿದ್ದರೆ ಪೆಟ್ರೋಲಿನ ಪಾಲು ಕಡಿಮೆಯಾಗಿದೆ, ಕಪ್ಪು ಮಸಿಯಿದ್ದರೆ ಹೆಚ್ಚಾಗಿದೆ ಎಂದರ್ಥ. ನನ್ನದು ಕಾಫಿಪುಡಿಯ ಬಣ್ಣಕ್ಕಿಂತ ಒಂದಿಷ್ಟು ಕಪ್ಪಗಿತ್ತು. ಪೆಟ್ರೋಲಿನ ಪಾಲು ತುಸು ತಗ್ಗಲೆಂದು ಕಾರ್ಬೊರೇಟರಿನ ಸೂಜಿಯನ್ನು ಒಂದು ಗುರುತಿನಷ್ಟು ಕೆಳಗಿಳಿಸಿದೆ.