ಎಲೆಕ್ಟ್ರೋಲೈಟ್: ಬೆವರಲ್ಲಿ ಹೋದ ಉಪ್ಪಿನ ಲೆಕ್ಕ

ಏಪ್ರಿಲ್ ಬಿಸಿಲಲ್ಲಿ ಸುತ್ತಾಡಿ ಬಂದು ಕಪ್ಪು ಅಂಗಿಯನ್ನು ಒಗೆಯದೆ ಹಾಗೇ ನೇತುಹಾಕಿ. ಸಂಜೆಗೆ ಬೆನ್ನಿನ ಮೇಲೆ ಬಿಳಿ ಗೆರೆಗಳು ಕಾಣುತ್ತವೆ. ನೀರು ಆರಿದೆ, ಉಪ್ಪು ಉಳಿದಿದೆ. ಮೆಡಿಕಲ್ ಶಾಪಿನ ಪುಡಿ ಪ್ಯಾಕೆಟ್‌ಗಳ ಮೇಲೆ ದಪ್ಪಕ್ಷರದಲ್ಲಿರುವ ‘ಎಲೆಕ್ಟ್ರೋಲೈಟ್’ ಹೆಚ್ಚುಕಡಿಮೆ ಇದೇ.

ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್, ಮೆಗ್ನೀಸಿಯಂ ಇವೆಲ್ಲ ಎಲೆಕ್ಟ್ರೋಲೈಟ್‌ಗಳು. ನೀರಲ್ಲಿ ಕರಗಿದಾಗ ವಿದ್ಯುತ್ ಹರಿಯಲು ಬಿಡುತ್ತವೆ. ನರ, ಸ್ನಾಯು, ಹೃದಯ ನಡೆಯಲು ಇವು ಬೇಕು. ಬೆವರಲ್ಲಿ ಜಾಸ್ತಿ ಹೋಗುವುದು ಸೋಡಿಯಂ ಮತ್ತು ಕ್ಲೋರೈಡ್, ಅಂದ್ರೆ ಅಡುಗೆಮನೆಯ ಉಪ್ಪೇ. ಗಂಟೆಗಟ್ಟಲೆ ಬೆವರಿ ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿದರೆ ರಕ್ತದಲ್ಲಿ ಸೋಡಿಯಂ ಕಮ್ಮಿಯಾಗಿ ತಲೆನೋವು, ವಾಕರಿಕೆ ಬರಬಹುದು.

ಎಳನೀರು? ಅದರಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಮ್ಮಿ. ನನಗೂ ಇಷ್ಟವೇ. ಆದರೆ ಬೆವರಿದವರಿಗೆ ಉಪ್ಪು ಹಾಕಿದ ನೀರುಮಜ್ಜಿಗೆಯೇ ಒಂದು ಕೈ ಮೇಲು.

ಓಆರ್‌ಎಸ್‌ನಲ್ಲಿ, ಅಂದ್ರೆ ವಾಂತಿ-ಭೇದಿಯಾದಾಗ ನೀರಲ್ಲಿ ಕಲಸಿ ಕುಡಿಸುವ ಉಪ್ಪು-ಗ್ಲೂಕೋಸ್ ಪುಡಿಯಲ್ಲಿ, ಅಳತೆ ಬಹಳ ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 1 ಲೀಟರ್ ನೀರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್. ಗ್ಲೂಕೋಸ್ ಇರುವುದು ರುಚಿಗಲ್ಲ. ಕರುಳಲ್ಲಿ ಸೋಡಿಯಂ ಅದರ ಜೊತೆಗೂಡಿ ಒಳಗೆ ಹೋಗುತ್ತದೆ, ನೀರು ಹಿಂದೆಯೇ ಬರುತ್ತದೆ. ಸಕ್ಕರೆ ಅತಿಯಾದರೆ ಉಲ್ಟಾ: ಮೈಯ ನೀರು ಕರುಳಿಗೆ ಇಳಿಯುತ್ತದೆ. ಇಂಥ ಸಿಹಿ ಪಾನೀಯಗಳು ಹೆಸರಲ್ಲಿ ‘ಓಆರ್‌ಎಸ್’ ಅಂತ ಹಾಕಿಕೊಳ್ಳುವಂತಿಲ್ಲ ಎಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2025ರ ಅಕ್ಟೋಬರ್‌ನಲ್ಲಿ ಆದೇಶ ಹೊರಡಿಸಿತು. ತಡವಾಯಿತು, ಅಲ್ವಾ? ಇನ್ನೊಂದು ತಪ್ಪು ನಮ್ಮದೇ. ಲೀಟರ್ ಪ್ಯಾಕೆಟ್ಟನ್ನು ಒಂದೇ ಲೋಟಕ್ಕೆ ಸುರಿಯುತ್ತೇವೆ.

‘ನನಗೆ ಸೆಕೆ ತಡೆಯೋಕೇ ಆಗಲ್ಲ’ ಅನ್ನುವವರಿಗೆಲ್ಲ ಇದು ಮದ್ದಲ್ಲ. ಬೆವರಿ ಸುಸ್ತಾದರೆ ಸರಿ. ಫ್ಯಾನ್ ಕೆಳಗೆ ಕೂತರೂ ಸೆಕೆ, ಜೊತೆಗೆ ಕೈನಡುಕ, ಎದೆಬಡಿತ, ತೂಕ ಇಳಿತ ಇದ್ದರೆ ಥೈರಾಯ್ಡ್ ಜಾಸ್ತಿಯಾಗಿರಬಹುದು, ಟೆಸ್ಟ್ ಮಾಡಿಸಬೇಕು. ಬಿಸಿಲಲ್ಲಿ ಕುಸಿದು ಮಾತು ತೊದಲುತ್ತಿದ್ದರೆ ಬಾಯಿಗೆ ಏನೂ ಹಾಕದೆ, ಮೈಗೆ ತಣ್ಣೀರು ಸುರಿಯುತ್ತಾ ಆಸ್ಪತ್ರೆಗೆ ಓಡಬೇಕು.

ಬಿಪಿ, ಹೃದಯ, ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಈ ಪುಡಿಗಳನ್ನು ಮುಟ್ಟಬಾರದು. ಕಿಡ್ನಿ ಸೋತವರಿಗೆ ಎಳನೀರಿನ ಪೊಟ್ಯಾಸಿಯಂ ಕೂಡ ಅಪಾಯ. ಪಾಪ, ಆಸ್ಪತ್ರೆಗೆ ನೋಡೋಕೆ ಹೋಗುವವರ ಕೈಯಲ್ಲಿ ಇರುವುದು ಅದೇ.